ಹದಿನೇಳು ಚಿರತೆಯ ಕೋವಿ

“ಕರೆಯೋ ಎಮ್ಮೆ ಬಿಟ್ಟು ಈ ಕಬ್ಬಿಣದ ಕೊಳವೆ ಆರಿಸ್ಕೊಂಡ್ರಲ್ಲ, ಇದ್ರ ಕೆಚ್ಚಲು ಎಲ್ಲೈತೆ ತೋರ್ಸ್ರಿ!”

ಓಬಕ್ಕನ ಈ ಮಾತು ಬಿ.ಜಿ. ಕೆರೆಯಲ್ಲಿ ಗಾಡಿ ಹತ್ತುವಾಗ ಶುರುವಾದದ್ದು, ಚಳ್ಳಕೆರೆಯಲ್ಲಿ ತಿಪ್ಪಯ್ಯನ ಕುಲುಮೆ ಮುಂದೆ ಇಳಿದರೂ ಮುಗಿದಿರಲಿಲ್ಲ. ಪಾಲು ಮಾಡುವಾಗ ಮೊದಲು ಆರಿಸುವ ಹಕ್ಕು ಕಿರಿಯನದು. ಅವಳ ಗಂಡ ಸೂರಪ್ಪ ಹಿಂದೆಮುಂದೆ ನೋಡದೆ ಅಜ್ಜನ ಕೋವಿಗೆ ಕೈ ಹಾಕಿದ್ದ. ಎಮ್ಮೆ ಅಣ್ಣ ಯರ್ರಪ್ಪನ ಕೊಟ್ಟಿಗೆ ಸೇರಿತ್ತು. ಇವತ್ತು ಕೋವಿಗೆ ನೂರು ರೂಪಾಯಿ ಬೆಲೆ ಕಟ್ಟಿಸದಿದ್ದರೆ ಈ ಜನ್ಮದಲ್ಲಿ ತನಗೆ ಮಜ್ಜಿಗೆಯೂ ಇಲ್ಲ, ಮರ್ಯಾದೆಯೂ ಇಲ್ಲ ಎಂಬುದು ಸೂರಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ತಿಪ್ಪಯ್ಯ ಇಪ್ಪತ್ತು ವರ್ಷ ದಂಡಿನಲ್ಲಿ ಬಂದೂಕು ರಿಪೇರಿ ಮಾಡಿ ಬಂದವನು. ಅವನು ಹೇಳಿದ್ದೇ ಬೆಲೆ.

ಸೂರಪ್ಪ: ವಿಲಾಯ್ತಿ ರೈಫಲ್ಲು, ತಿಪ್ಪಯ್ಯಣ್ಣ. ಬಿಳಿ ದೊರೆ ನಮ್ಮಜ್ಜಂಗೆ ಕೈಯಾರೆ ಕೊಟ್ಟಿದ್ದು.

ತಿಪ್ಪಯ್ಯ: ರೈಫಲ್ಲಾದ್ರೆ ನಳಿಗೆ ಒಳಗೆ ಸುರುಳಿ ಗೀರು ಇರ್ಬೇಕು. (ಒಂದು ಕಣ್ಣು ಮುಚ್ಚಿ ಇಣುಕಿ) ಗೀರಿಲ್ಲ. ಕಣಜ ಗೂಡು ಕಟ್ಟೈತೆ.

ಸೂರಪ್ಪ: ಗೀರು ಹೊರಗೈತಲ್ಲಣ್ಣ! ಮರದ ಹಿಡಿ ನೋಡು, ಹದಿನೇಳು. ಚಿರತೆಗೊಂದರಂತೆ ನಮ್ಮಜ್ಜ ಗೀಚಿದ್ದು.

ಓಬಕ್ಕ: ನಮ್ಮೂರ ಗುಡ್ಡದಾಗೆ ಹದಿನೇಳು ಚಿರತೆ ಇದ್ವಾ?

ಸೂರಪ್ಪ: ಇದ್ವು. ಅದಕ್ಕೇ ಈಗಿಲ್ಲ.

ತಿಪ್ಪಯ್ಯ ನಳಿಗೆಯ ಹೊರಮೈಯನ್ನು ಉಗುರಿನಿಂದ ಕೆರೆದು ನೋಡಿದ. ಬೆರಳು ದಪ್ಪ ಕುಂಕುಮದ ಪದರು.

ತಿಪ್ಪಯ್ಯ: ಇದೇನು, ಕೋವೀನೋ ಕುಂಕುಮದ ಗಡಿಗೇನೋ?

ಸೂರಪ್ಪ: ಅರವತ್ತು ವರ್ಷದ ಆಯುಧಪೂಜೆ ಅಣ್ಣ. ಮೆತ್ತೋದೇ ಹೊರತು ಒರೆಸಂಗಿಲ್ಲ, ಹೊಡೆಯಂಗಂತೂ ಇಲ್ಲವೇ ಇಲ್ಲ. ಅಜ್ಜಿ ಮಾಡಿದ ಕಟ್ಟಳೆ.

“ತಪ್ಪಾಯ್ತು ತಾಯಿ,” ಎಂದು ಓಬಕ್ಕ ಕೋವಿಗೆ ಕೈಮುಗಿದು, ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕಿದಂತೆ ತಿಕ್ಕಿದಳು. ಹೊಳೆಯುವ ನಳಿಗೆಯನ್ನು ತಿಪ್ಪಯ್ಯ ಮೂರು ಸಲ ತಿರುವಿ ನೋಡಿದ.

ತಿಪ್ಪಯ್ಯ: ತೂತೆಲ್ಲಯ್ಯಾ?

ಸೂರಪ್ಪ: ಮುಂದ್ಗಡೆ ಐತಲ್ಲ, ಗುಂಡು ಬರೋದು!

ತಿಪ್ಪಯ್ಯ: ಅದಲ್ಲ. ಒಳಗಿನ ಮದ್ದಿಗೆ ಕಿಡಿ ಹೋಗಾಕೆ ಹಿಂದ್ಗಡೆ ಒಂದು ಸಣ್ಣ ತೂತು ಬೇಕು. ಯಾವನೋ ಹಳ್ಳಿ ಕಮ್ಮಾರ ಮಾಡವ್ನೆ, ಕೊರೆಯೋದು ಮರ್ತವ್ನೆ. ಇದು ಹುಟ್ಟಿದಾಗಿಂದ ಒಂದು ಗುಂಡೂ ಹೊಡೆದಿಲ್ಲ.

ಸೂರಪ್ಪ: ಮತ್ತೆ... ಚಿರತೆಗಳು?

ಓಬಕ್ಕ: ನಿಮ್ಮಜ್ಜ ಇದನ್ನ ಎತ್ತಿ ಹಿಡಿದಿದ್ದು ಕಂಡು ನಕ್ಕು ನಕ್ಕು ಸತ್ತಿರ್ಬೇಕು.

ತಿಪ್ಪಯ್ಯ: ಕಬ್ಬಿಣದ ತೂಕಕ್ಕೆ ಎರಡು ರೂಪಾಯಿ ಕೊಟ್ಟೇನು.

ಸೂರಪ್ಪ ತಲೆ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಇನ್ನೊಂದು ಗಾಡಿ ಬಂದು ನಿಂತಿತು. ಯರ್ರಪ್ಪ ಏದುಸಿರು ಬಿಡುತ್ತ ಇಳಿದ.

ಯರ್ರಪ್ಪ: ಲೇ ಸೂರ, ಮಾರ್ಬಿಟ್ಯೇನೋ? ಅಜ್ಜನ ಕೋವಿ ಮನೆ ಬಿಟ್ಟಾಗಿಂದ ನಂಗೆ ಗಂಟಲಲ್ಲಿ ಮುದ್ದೆ ಇಳೀತಿಲ್ಲ. ಊರಲ್ಲಿ ಜನ ನನ್ನ ಕಂಡ್ರೆ ಎದ್ದು ನಿಲ್ಲೋದೇ ಬಿಟ್ಟವ್ರೆ. ಎಮ್ಮೆ ನೀನೇ ಹೊಡ್ಕೊಂಡು ಹೋಗು, ಕೋವಿ ಕೊಡು.

ಸೂರಪ್ಪ ನಿಜ ಹೇಳಲು ಬಾಯಿ ತೆರೆದ. ಓಬಕ್ಕ ಅವನ ಕಾಲು ತುಳಿದು, ಕೋವಿಯನ್ನು ಎದೆಗವಚಿಕೊಂಡು ಸೆರಗು ಮುಚ್ಚಿದಳು.

ಓಬಕ್ಕ: ಆಗಾಕಿಲ್ಲ ಬಾವ! ಹದಿನೇಳು ಚಿರತೆ ಕಂಡ ಕೋವಿ, ಒಂದೆಮ್ಮೆಗೆ ಕೊಡಾದಾ?

ಯರ್ರಪ್ಪ: ಕರೂನೂ ಕೊಡ್ತೀನಿ ಕಣವ್ವ.

ಓಬಕ್ಕ: (ಕಣ್ಣೊರೆಸಿಕೊಂಡು) ಹಿರೇರು ಇಷ್ಟು ಕೇಳಿದ ಮೇಲೆ ಹೆಂಗೆ ಇಲ್ಲ ಅನ್ನಾದು...

ಯರ್ರಪ್ಪ ಕೋವಿಯನ್ನು ಹೆಗಲಿಗೇರಿಸಿದ. ಎರಡು ಹೆಜ್ಜೆ ಹಾಕಿದವನಿಗೆ ಏನೋ ಅನುಮಾನ ಬಂತು, ತಿರುಗಿ ನಿಂತ.

ಯರ್ರಪ್ಪ: ತಿಪ್ಪಯ್ಯ, ನೀನು ಸುಳ್ಳಾಡೋನಲ್ಲ. ಇದ್ರ ಗುರಿ ಹೆಂಗೈತೆ?

ತಿಪ್ಪಯ್ಯ ತಿದಿ ಒತ್ತುತ್ತ, ಬೆಂಕಿಯಿಂದ ತಲೆ ಎತ್ತದೆ ಹೇಳಿದ:

“ಇವತ್ತಿನವರೆಗೂ ಒಂದೇ ಒಂದು ಸಲಾನೂ ತಪ್ಪಿಲ್ಲಪ್ಪ.”