ನಾಲ್ಕನೇ ನಂಬರ್ ಪ್ರೆಸ್ಸಿಗೆ ಒಂದು ಗಾರ್ಡು

ಕಾರ್ಖಾನೆಯಲ್ಲಿ ನಗೋದಕ್ಕೆ ಏನಿರುತ್ತೆ ಅಂತ ಕೇಳೋರು ಕಾರ್ಖಾನೆಯಲ್ಲಿ ದುಡಿದೋರಲ್ಲ ಬಿಡಿ. ಎಲ್ಲಿ ಅಳಬೇಕೋ ಸರಿಯಾಗಿ ಅಲ್ಲೇ ನಗು ಬರೋ ಜಾಗ ಅದು. ವಾರಕ್ಕೊಂದಾದ್ರೂ ಇಂಥದ್ದು ನಡೀತಾನೇ ಇರುತ್ತೆ, ಬರೆದಿಡೋರು ಇರಲ್ಲ ಅಷ್ಟೆ.

ನಾನು ಪೀಣ್ಯದ ಒಂದು ದೊಡ್ಡ ಕಂಪನಿಯ ಪ್ರೆಸ್ ಶಾಪಿನಲ್ಲಿ ಆಯಸ್ಸೆಲ್ಲ ತಗಡು ಒತ್ತಿದವನು. ಕಂಪನಿ ಹೆಸರು ಬೇಡ. ನಾನು ಹೇಳ್ತಿರೋದು ಎಪ್ಪತ್ತರ ದಶಕದ ಕೊನೇ ವರ್ಷಗಳ ಮಾತು. ಪವರ್ ಪ್ರೆಸ್ ಅಂದ್ರೆ ಆಳಿಗಿಂತ ಎತ್ತರದ ಯಂತ್ರ. ಕೆಳಗೆ ಅಚ್ಚು ಇರುತ್ತೆ, ಅದಕ್ಕೆ ಡೈ ಅಂತೀವಿ. ಕೈಯಲ್ಲಿ ತಗಡಿನ ತುಂಡು ಡೈ ಮೇಲೆ ಇಡಬೇಕು, ಕೈ ಹಿಂದಕ್ಕೆ ತಗೋಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು. ಮೇಲಿಂದ ಟನ್ನುಗಟ್ಟಲೆ ಭಾರ ಧಡ್ ಅಂತ ಇಳಿಯುತ್ತೆ. ದಿನಕ್ಕೆ ಸಾವಿರಾರು ಸಲ ಇದೇ ಕೆಲಸ. ಅದರಲ್ಲಿ ಒಂದೇ ಒಂದು ಸಲ ಕೈಗಿಂತ ಕಾಲು ಮುಂದಾದ್ರೆ ಮುಗೀತು ಕಥೆ.

ಹಾಗಾಗಬಾರದು ಅಂತ ಯಂತ್ರದ ಮುಂದೆ ಕಬ್ಬಿಣದ ಜಾಲರಿ ಬಾಗಿಲು ಹಾಕ್ತಾರೆ. ಅದೇ ಗಾರ್ಡು. ಬಾಗಿಲು ಮುಚ್ಚದೆ ಪೆಡಲ್ ಇಳಿಯೋದೇ ಇಲ್ಲ. ನಮ್ಮ ನಾಲ್ಕನೇ ನಂಬರ್ ಪ್ರೆಸ್ಸಿಗೂ ಗಾರ್ಡ್ ಇತ್ತು. ಸ್ಟೋರ್ಸಿನಲ್ಲಿತ್ತು.

ಬಾಗಿಲು ತೆಗೆದು ಮುಚ್ಚಿ ಮಾಡ್ತಾ ಕೂತ್ರೆ ಪ್ರೊಡಕ್ಷನ್ ಕಮ್ಮಿ ಆಗುತ್ತೆ ಅಂತ ಬಿಚ್ಚಿ ಅಲ್ಲಿ ಇಟ್ಟಿದ್ರು. ಅದನ್ನ ವಾಪಸ್ ಹಾಕಿಸೋಕೆ ನಾವು ಪಟ್ಟ ಪಾಡು ಇದು.

೧. ಡೈಗೇನೂ ಆಗಿಲ್ಲ

ಆ ಪ್ರೆಸ್ಸಿನಲ್ಲಿ ಮೊದಲು ಇದ್ದೋನು ನೆಲಮಂಗಲದ ಕಡೆಯ ಹಳ್ಳಿಯವನು. ಶಾಪಿಗೇ ಹಿರಿಯ, ಎಲ್ಲರಿಗೂ ಅಣ್ಣ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಅರ್ಧ ಗಂಟೆ ಆಗಿರಲಿಲ್ಲ, ಯಂತ್ರದ ಸದ್ದಿನ ಮೇಲೆ ಅವನ ಕೂಗು ಕೇಳಿಸ್ತು. ಓಡಿ ಹೋಗಿ ನೋಡಿದ್ರೆ ಬಲಗೈಯ ಎರಡು ಬೆರಳು ಇಲ್ಲ. ನಾನು ನನ್ನ ಟವೆಲ್ ಕಿತ್ತು ಅವನ ಕೈಗೆ ಸುತ್ತಿದೆ.

ಅಷ್ಟರಲ್ಲಿ ಸೂಪರ್‌ವೈಸರ್ ಓಡಿ ಬಂದ್ರು. ಹಣೆ ತುಂಬ ವಿಭೂತಿ, ಮೈಮೇಲೆ ಸಫಾರಿ, ಮನುಷ್ಯ ಕೆಟ್ಟವರೇನಲ್ಲ. ಆದ್ರೆ ಆ ಡೈ ಹೊಸದು, ಹೊರದೇಶದಿಂದ ತರಿಸಿದ್ದು. ಬಂದವರೇ ಯಂತ್ರದೊಳಗೆ ಬಗ್ಗಿ, "ಅಯ್ಯೋ, ಡೈಗೇನಾದ್ರೂ ಆಯ್ತೇನ್ರೋ?" ಅಂದ್ಬಿಟ್ರು.

ಅಣ್ಣ ಟವೆಲ್ ಸುತ್ತಿದ ಕೈ ಎದೆಗೆ ಅವಚಿಕೊಂಡು, ಹಲ್ಲು ಕಚ್ಚಿಕೊಂಡು ಹೇಳಿದ: "ಡೈಗೇನೂ ಆಗಿಲ್ಲ ಸಾರ್. ನಾನು ಅಡ್ಡ ಇದ್ದೆ."

೨. ಒಣಗದ ಬಣ್ಣ

ಎರಡು ತಿಂಗಳಾದ ಮೇಲೆ ಅಣ್ಣ ಕೆಲಸಕ್ಕೆ ವಾಪಸ್ ಬಂದ. ಕಂಪನಿಯ ಕಾಗದದಲ್ಲಿ "ಕಾರ್ಮಿಕನ ಅಜಾಗರೂಕತೆ" ಅಂತ ಬರೆದು ಅವನನ್ನ ಪ್ಯಾಕಿಂಗಿಗೆ ಹಾಕಿದ್ರು. "ಎಂಟು ಬೆರಳು ಉಳಿದವೆ, ಇನ್ಮ್ಯಾಕೆ ನನ್ನ ಎಂಟಾಣೆ ಅನ್ರಪ್ಪಾ" ಅಂತ ಅವನೇ ತನಗೆ ಹೆಸರಿಟ್ಟುಕೊಂಡ. ನಾವು ಕರೆಯೋಕೆ ಮುಂಚೆ ತಾನೇ ಕರೆದುಕೊಂಡ್ರೆ ನೋವು ಕಮ್ಮಿ ಅಂತ ಇರಬೇಕು. ನಾಲ್ಕನೇ ನಂಬರಿಗೆ ನನ್ನನ್ನ ಹಾಕಿದ್ರು.

ನನಗೆ ಮದುವೆಯಾಗಿ ಎಂಟು ತಿಂಗಳು. ಬಾಗಲಗುಂಟೆಯಲ್ಲಿ ಒಂದು ರೂಮಿನ ಮನೆ. ವಿಷಯ ಗೊತ್ತಾದ ದಿನದಿಂದ ನನ್ನ ಹೆಂಡತಿ ಸಾಯಂಕಾಲ ಬಾಗಿಲಿಗೆ ಅಡ್ಡ ನಿಂತು, "ಕೈ ತೋರ್ಸಿ" ಅನ್ನೋಳು. ಎರಡೂ ಕೈ ಚಾಚಬೇಕು. ಹತ್ತು ಬೆರಳು ಮುಟ್ಟಿ ಮುಟ್ಟಿ ಎಣಿಸಿ ಆಮೇಲೆ ಪಕ್ಕಕ್ಕೆ ಸರಿಯೋಳು. ಮನೆ ಓನರ್ ಅಮ್ಮ ನಗೋರು. ನಾನೂ ನಗ್ತಿದ್ದೆ, ಆದ್ರೆ ಒಂದು ದಿನವೂ ಬೇಡ ಅನ್ನಲಿಲ್ಲ.

ಗಾರ್ಡ್ ಹಾಕಿ ಅಂತ ನಾವು ಅರ್ಜಿ ಮೇಲೆ ಅರ್ಜಿ ಬರೆದ್ವಿ. ಎಲ್ಲದಕ್ಕೂ "ಪರಿಶೀಲನೆಯಲ್ಲಿದೆ" ಅಂತ ಒಂದೇ ಉತ್ತರ. ಕೊನೆಗೆ ಸರ್ಕಾರಕ್ಕೆ ಬರೆದ್ವಿ. ಫ್ಯಾಕ್ಟರಿ ಇನ್ಸ್‌ಪೆಕ್ಟರು ಬರ್ತಾರೆ ಅಂತಾಯ್ತು. ಅವತ್ತು ಬೆಳಿಗ್ಗೆ ನೋಡಿದ್ರೆ ನಮ್ಮ ಗಾರ್ಡು ಮದುವೆ ಗಂಡಿನ ಹಾಗೆ ಸಿಂಗಾರವಾಗಿ ಪ್ರೆಸ್ ಮುಂದೆ ಕೂತಿದೆ! ಮೈತುಂಬ ಹಸಿರು ಬಣ್ಣ.

ಇನ್ಸ್‌ಪೆಕ್ಟರು ಬಿಳಿ ಷರಟಿನ ದಪ್ಪ ಮನುಷ್ಯ. ಬಂದು ಎಲ್ಲ ನೋಡಿ, ಸುಸ್ತಾಗಿ, ಗಾರ್ಡಿಗೇ ಒರಗಿ ನಿಂತ್ಕೊಂಡ್ರು.

"ಈ ಗಾರ್ಡ್ ಯಾವಾಗ ಹಾಕಿದ್ದು?"

"ಮಷೀನು ಬಂದಾಗಿನಿಂದ ಇದೆ ಸಾರ್, ಮೂರು ವರ್ಷ ಆಯ್ತು" ಅಂದ್ರು ಸೂಪರ್‌ವೈಸರ್.

ಇನ್ಸ್‌ಪೆಕ್ಟರು ಆಚೆ ಸರಿದ್ರು. ಬೆನ್ನಿನ ಮೇಲೆ ಹಸಿರು ಚೌಕುಳಿ ಚೌಕುಳಿ. ಕೈ ಹಿಂದಕ್ಕೆ ಹಾಕಿ ಸವರಿ, ಬೆರಳು ಮೂಗಿನ ಹತ್ತಿರ ಹಿಡಿದು ಮೂಸಿ ಹೇಳಿದ್ರು: "ಒಳ್ಳೇ ಬಣ್ಣ ಕಣ್ರೀ. ಮೂರು ವರ್ಷ ಆದ್ರೂ ಒಣಗಿಲ್ಲ."

ಬರೆದುಕೊಂಡು ಹೋದ್ರು. ದಂಡ ಕಟ್ಟಿಸಿಕೊಂಡ್ರಂತೆ ಕೂಡ. ಕಂಪನಿಗೆ ಅದು ಯಾವ ಮಹಾ. ಮಾರನೇ ದಿನ ಗಾರ್ಡ್ ಸ್ಟೋರ್ಸಿಗೆ ವಾಪಸ್.

೩. ಕಪ್ಪು ಪಟ್ಟಿ

ಆಮೇಲೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡೋದು ಅಂತ ತೀರ್ಮಾನ ಆಯ್ತು. ಇಡೀ ಶಾಪಿಗೆ ಕಪ್ಪು ಬಟ್ಟೆ ಎಲ್ಲಿಂದ ತರೋದು? ಎಂಟಾಣೆ ತನ್ನ ಹಳೇ ಛತ್ರಿ ಕತ್ತರಿಸಿ ಹಂಚಿದ. ಅವನ ಪಟ್ಟಿಯಲ್ಲಿ ತೂತಿತ್ತು, ನನ್ನ ಕೈಗೆ ಇದೇ ಹೊಂದೋದು ಅಂದ.

ಅವತ್ತೇ ಹೊಸ ಮಷೀನ್ ಕೂರಿಸೋಕೆ ಒಬ್ಬ ವಿದೇಶಿ ಎಂಜಿನಿಯರ್ ಬಂದಿದ್ದ. ಸೂಪರ್‌ವೈಸರ್ ಜೊತೆಗೆ ನೌಕರರ ವ್ಯವಹಾರ ನೋಡ್ಕೊಳ್ಳೋ ಪರ್ಸೊನೆಲ್ ಆಫೀಸರ್ ಅವನನ್ನ ಕರ್ಕೊಂಡು ಶಾಪಿಗೆ ಬಂದ್ರು. ಈ ಆಫೀಸರು ನಮ್ಮ ಅರ್ಜಿಗಳಿಗೆಲ್ಲ "ಪರಿಶೀಲನೆಯಲ್ಲಿದೆ" ಅಂತ ಬರೀತಿದ್ದ ಮಹಾನುಭಾವ. ಬಿಳಿಯ ನಮ್ಮ ತೋಳಿನ ಪಟ್ಟಿಗಳನ್ನ ನೋಡಿದ. ತಟ್ಟನೆ ಟೋಪಿ ತೆಗೆದ. ತಲೆ ತಗ್ಗಿಸಿ ನಿಂತುಬಿಟ್ಟ.

ಅವರ ದೇಶದಲ್ಲಿ ಕಪ್ಪು ಪಟ್ಟಿ ಅಂದ್ರೆ ಸಾವಿನ ಗುರುತು, ಯಾರೋ ಸತ್ತಿದ್ದಾರೆ ಅಂದ್ಕೊಂಡಿದ್ದ ಪಾಪ. ಅತಿಥಿ ನಿಂತ ಮೇಲೆ ಆಫೀಸರ್ ಏನು ಮಾಡ್ತಾರೆ? ಅವರೂ ತಲೆ ತಗ್ಗಿಸಿದ್ರು. ಅವರನ್ನ ನೋಡಿ ಸೂಪರ್‌ವೈಸರ್ರೂ ತಗ್ಗಿಸಿದ್ರು. ನಾವು ಒಬ್ಬೊಬ್ಬರಾಗಿ ಮಷೀನ್ ನಿಲ್ಲಿಸಿದ್ವಿ. ಆ ಶಾಪು ಅಷ್ಟು ನಿಶ್ಶಬ್ದವಾಗಿದ್ದು ನಾನು ಅದುವರೆಗೂ ಕೇಳಿರಲಿಲ್ಲ. ಗುಬ್ಬಚ್ಚಿ ಸದ್ದು ಕೇಳಿಸ್ತು ಮಾರಾಯ್ರೇ, ಶೀಟಿನ ಕೆಳಗೆ ಗೂಡು ಕಟ್ಟಿದ್ದು ಅವತ್ತೇ ನಮಗೆ ಗೊತ್ತಾಗಿದ್ದು.

ತಲೆಯೆತ್ತಿ ಬಿಳಿಯ ಇಂಗ್ಲಿಷಿನಲ್ಲಿ ಯಾರು ತೀರ್ಕೊಂಡಿದ್ದು ಅಂತ ಕೇಳಿದ. ಆಫೀಸರ್ ಗಂಟಲು ಸರಿ ಮಾಡ್ಕೊಳ್ತಾ ಇದ್ದ ಹಾಗೇ, ನಮ್ಮ ಯೂನಿಯನ್ ಸೆಕ್ರೆಟರಿ ಎಂಟಾಣೆಯ ಕೈ ಎತ್ತಿ ಹಿಡಿದು, "ಎರಡು ಬೆರಳು ಸಾರ್" ಅಂತ ಅವನಿಗೆ ತಿಳಿಯೋ ಹಾಗೆ ಹೇಳಿದ.

ಬಿಳಿಯ ಆ ಕೈ ನೋಡಿದ, ನಾಲ್ಕನೇ ನಂಬರ್ ಪ್ರೆಸ್ ನೋಡಿದ, ಗಾರ್ಡ್ ಎಲ್ಲಿ ಅಂತ ಆಫೀಸರನ್ನ ಕೇಳಿದ. ಆಫೀಸರಿಗೆ ಬೇರೇನೂ ಹೊಳೀಲಿಲ್ಲ. "ಪೇಂಟ್ ಒಣಗೋಕೆ ಇಟ್ಟಿದೀವಿ" ಅಂದ್ರು.

೪. ಮೊದಲನೇ ಬಹುಮಾನ

ಸೇಫ್ಟಿ ವಾರ ಬಂತು. ಗೋಡೆಗೆಲ್ಲ ಬಣ್ಣದ ಕಾಗದ, ಘೋಷಣೆ ಬರೆಯೋ ಸ್ಪರ್ಧೆ. ಚೀಟಿಯಲ್ಲಿ ಹೆಸರು ಬರೀಬಾರದು, ಟೋಕನ್ ನಂಬರ್ ಮಾತ್ರ. "ಗಮನ ತಪ್ಪಿದರೆ ಬೆರಳು ತಪ್ಪೀತು" ಅನ್ನೋದಕ್ಕೆ ಮೊದಲನೇ ಬಹುಮಾನ ಬಂತು. ತಪ್ಪೆಲ್ಲ ನಮ್ಮದೇ ಅನ್ನೋ ಹಾಗೆ ಇತ್ತಲ್ಲ, ಮೇಲಿನವರಿಗೆ ಬಲು ಹಿಡಿಸಿತ್ತು.

ವೇದಿಕೆ ಮೇಲಿಂದ ನಂಬರ್ ಕೂಗಿದ್ರು. ಎದ್ದು ಹೋದೋನು ಎಂಟಾಣೆ. ಆಫೀಸರ್ ಮುಖ ಹುಳ್ಳಗಾಯ್ತು, ಆದ್ರೆ ಫೋಟೋದವನು ಸಿದ್ಧವಾಗಿ ನಿಂತಿದ್ದ, ಕೊಡಲೇಬೇಕು. ಬಹುಮಾನ ಏನು ಅಂತೀರಿ? ಒಂದು ಜೊತೆ ಚರ್ಮದ ಕೈಗವಸು.

ಎಂಟಾಣೆ ಅಲ್ಲೇ ಬಿಚ್ಚಿ, ಬಲಗೈಗೆ ಹಾಕಿಕೊಂಡ. ಎರಡು ಬೆರಳು ಖಾಲಿ ಚೀಲದ ಹಾಗೆ ಜೋತುಬಿದ್ವು. ಅದನ್ನ ಎಲ್ಲರಿಗೂ ತೋರಿಸಿ ಹೇಳಿದ: "ಎರಡು ಮಿಕ್ತವೆ ಸಾರ್. ಸ್ಟೋರ್ಸ್‌ನಾಗೆ ಗಾರ್ಡ್ ಐತಲ್ಲಾ, ಅದ್ರ ಪಕ್ಕ ಇಟ್ಬುಡಿ."

ಶಾಪಿಗೆ ಶಾಪೇ ಬಿದ್ದು ಬಿದ್ದು ನಕ್ಕಿತು. ಅವನು ವೇದಿಕೆ ಇಳಿದು ನನ್ನ ಪಕ್ಕ ಬಂದು ಕೂತ. ನಗ್ತಾ ಇದ್ದ, ಕಣ್ಣು ಮಾತ್ರ ಒದ್ದೆ. ಯಾಕೆ ಸುಳ್ಳು ಹೇಳಲಿ, ನನಗೆ ಭಯ ಆಯ್ತು. ಆ ವಾರವೇ ನನ್ನ ಷರಟಿನ ತೋಳಿನ ತುದಿ ಪ್ರೆಸ್ಸಿಗೆ ಸಿಕ್ಕಿ ಗುಂಡಿ ಸಮೇತ ಹೋಗಿತ್ತು. ಹೆಂಡತಿ ಹತ್ತು ಬೆರಳು ಎಣಿಸಿ, ಆಮೇಲೆ ಹರಿದ ತೋಳು ನೋಡಿದಳು. ಅವತ್ತು ಅವಳು ಊಟ ಮಾಡಲಿಲ್ಲ.

೫. ನಿಂಬೆಹಣ್ಣು

ಆಯುಧಪೂಜೆ ಬಂತು. ಕಾರ್ಖಾನೆಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಪ್ರತಿ ಮಷೀನಿಗೂ ಬಾಳೆಕಂದು, ಮಾವಿನ ತೋರಣ. ಸ್ಪ್ಯಾನರ್, ಸುತ್ತಿಗೆ ಎಲ್ಲ ತೊಳೆದು ಅರಿಶಿನ ಕುಂಕುಮ ಇಟ್ಟು ಮಷೀನಿನ ಮುಂದೆ ಜೋಡಿಸ್ತೀವಿ. ಹೆಂಡತಿ ಮಕ್ಕಳನ್ನೆಲ್ಲ ಅವತ್ತು ಒಳಗೆ ಬಿಡ್ತಾರೆ. ಗಾಜಿನ ಕ್ಯಾಬಿನ್ನಿನ ದೊಡ್ಡ ಸಾಹೇಬರೂ ಸಂಸಾರ ಸಮೇತ ಶಾಪಿಗೆ ಇಳಿಯೋದು ಅವತ್ತೇ.

ನಮ್ಮ ಶಾಪಿನಲ್ಲಿ ಒಂದು ಪದ್ಧತಿ. ಕುಂಬಳಕಾಯಿ ಒಡೆದಾದ ಮೇಲೆ ಶಾಪಿನ ಹಿರಿಯ ನಾಲ್ಕನೇ ನಂಬರಿನ ಡೈ ಮೇಲೆ ಒಂದು ನಿಂಬೆಹಣ್ಣಿಟ್ಟು ಪ್ರೆಸ್ ಹೊಡೀಬೇಕು. ಗಾಡಿ ಚಕ್ರಕ್ಕೆ ಇಡ್ತಾರಲ್ಲ, ಹಾಗೆ. ಹಿರಿಯ ಅಂದ್ರೆ ಎಂಟಾಣೆ. ಮೋಟರ್ ಹಾಕಿದ್ರು, ಮಷೀನು ಗುಂಯ್‌ಗುಡ್ತಾ ನಿಂತ್ಕೊಂಡ್ತು. ಎಂಟಾಣೆ ನಿಂಬೆಹಣ್ಣು ಹಿಡಿದು ಮುಂದೆ ಬಂದ, ಸಾಹೇಬರ ಎದುರು ನಿಂತ.

"ನನ್ ಕೈ ಊನ ಆಗೈತೆ ಸಾಮಿ. ಊನ ಆದೋರು ಪೂಜೆಗೆ ಮುಂದೆ ಬರಬಾರ್ದು ಅಂತಾರೆ ನಮ್ ಕಡೆ. ತಮ್ದು ತುಂಬಿದ ಕೈ. ತಾವೇ ಇಡಬೇಕು."

ಇದು ಹುನ್ನಾರವೋ ಭಕ್ತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರೆ ಅವನು ನಕ್ಕುಬಿಡ್ತಿದ್ದ. ಇನ್ನೂರು ಜನ ನೋಡ್ತಿರೋವಾಗ ಸಾಹೇಬರು ಹೇಗೆ ಒಲ್ಲೆ ಅಂತಾರೆ? ನಿಂಬೆಹಣ್ಣು ತಗೊಂಡ್ರು, ಪೆಡಲ್ ಹತ್ತಿರ ಕಾಲಿಟ್ರು, ಬಗ್ಗಿ ಕೈ ಒಳಗೆ ಹಾಕಿದ್ರು. ಮೇಲೆ ನೇತಾಡ್ತಿದ್ದ ಉಕ್ಕಿನ ದಿಮ್ಮಿಯನ್ನ ಒಂದ್ಸಲ ನೋಡಿದ್ರು. ಕೈ ಅಲ್ಲೇ ನಿಂತ್ಬಿಡ್ತು.

"ರೀ! ಕೈ ತೆಗೀರಿ! ಮೊದ್ಲು ಕೈ ತೆಗೀರಿ ಅಂದ್ರೆ!"

ಕಿರುಚಿದ್ದು ಸಾಹೇಬರ ಹೆಂಡತಿ. ಸಾಹೇಬರು ಬೆಚ್ಚಿಬಿದ್ದು ಕೈ ಎಳೆದುಕೊಂಡ್ರು, ನಿಂಬೆಹಣ್ಣು ಡೈ ಮೇಲೇ ಉಳೀತು. ಆಯಮ್ಮ ಓಡಿ ಬಂದು ಗಂಡನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ್ರು. "ಇದಕ್ಕೆ ಅಡ್ಡ ಏನೂ ಇಲ್ವೇನ್ರೀ? ಹೀಗಾ ಇಡೋದು ಮಷೀನನ್ನ?"

ಆಗ ನನ್ನ ಪಕ್ಕದಿಂದ ಒಂದು ದನಿ ಬಂತು. ನನ್ನ ಹೆಂಡತಿ! ಅಂಗಡಿಯಲ್ಲಿ ಉಪ್ಪು ಕೇಳೋಕೂ ಸಂಕೋಚ ಪಡೋಳು.

"ನಮ್ಮೆಜಮಾನ್ರು ದಿನಾ ಸಾವಿರ ಸಲ ಅದ್ರೊಳಗೆ ಕೈ ಹಾಕ್ತಾರೆ ಅಮ್ಮಾ. ಸಾಯಂಕಾಲ ನಾನು ಬೆರಳು ಎಣಿಸಿಕೊಂಡು ಮನೆಯೊಳಗೆ ಬಿಟ್ಕೋತೀನಿ."

ಆಯಮ್ಮ ಅವಳನ್ನೇ ನೋಡಿದ್ರು. ಆಮೇಲೆ ಗಂಡನ್ನ ನೋಡಿದ್ರು. ಆ ನೋಟ ಎಂಥದ್ದು ಅಂತ ಮದುವೆಯಾದ ಗಂಡಸರಿಗೆಲ್ಲ ಗೊತ್ತು, ನಾನು ಹೇಳೋದು ಬೇಡ.

ಸಾಹೇಬರು ಸೂಪರ್‌ವೈಸರ್ ಕಡೆ ತಿರುಗಿ, "ಗಾರ್ಡ್ ತಂದು ಹಾಕ್ರಿ, ಈಗಲೇ" ಅಂದ್ರು. ಒಂದು ಗೋಣಿಚೀಲ ಅರ್ಜಿ, ಸರ್ಕಾರದ ದಂಡ, ಒಂದು ಛತ್ರಿ, ಇಷ್ಟರಿಂದ ಆಗದ್ದು ಒಂದು ಮಾತಲ್ಲಿ ಆಯ್ತು. ಆದ್ರೆ ಸೂಪರ್‌ವೈಸರ್ ಕೈಕೈ ಹಿಸುಕಿಕೊಂಡ್ರು. "ಸಾರ್, ಸ್ಪ್ಯಾನರಿಗೆಲ್ಲ ಪೂಜೆ ಆಗ್ಬಿಟ್ಟಿದೆ. ಹಬ್ಬ ಕಳೆಯೋವರೆಗೂ ಮುಟ್ಟೋ ಹಾಗಿಲ್ಲ."

"ಹಾಗಾದ್ರೆ ಗಾರ್ಡ್ ಹಾಕೋವರೆಗೂ ಈ ಪ್ರೆಸ್ ತಿರುಗಕೂಡದು" ಅಂದ್ರು ಸಾಹೇಬರು. ಮೋಟರ್ ನಿಲ್ಲಿಸಿದ್ರು. ನಿಂಬೆಹಣ್ಣು ಎತ್ತೋಕೂ ಯಾರೂ ಕೈ ಹಾಕಲಿಲ್ಲ, ಹಬ್ಬದ ರಜೆ ಪೂರ್ತಿ ಅದು ಡೈ ಮೇಲೇ ಕೂತಿತ್ತು. (ಗಾರ್ಡ್ ಬಂದ ಮೇಲೆ ನನ್ನ ಹೆಂಡತಿ ಎಣಿಸೋದು ನಿಲ್ಲಿಸಿದಳಾ ಅಂತ ಕೇಳಬೇಡಿ. "ಹಾಕಿದೋರಿಗೆ ಬಿಚ್ಚೋಕೂ ಬರುತ್ತೆ" ಅಂತ ನಾನು ರಿಟೈರ್ ಆಗೋ ದಿನದವರೆಗೂ ಎಣಿಸಿದಳು. ಕೊನೇ ದಿನವೂ ಹತ್ತೇ ಇದ್ವು.)

ರಜೆ ಮುಗಿದು ಗೇಟ್ ತೆಗೆದ ಬೆಳಿಗ್ಗೆ ಮೊದಲನೇ ಕೆಲಸವೇ ಗಾರ್ಡ್ ಕೂರಿಸಿದ್ದು. ಸಾಹೇಬರೇ ಬಂದು ನಿಂತಿದ್ರು. ಪ್ಯಾಕಿಂಗಿನಿಂದ ಎಂಟಾಣೆಯನ್ನ ಕರೆಸಿ, "ಊನ ಗೀನ ಏನೂ ಇಲ್ಲ, ಹಿರಿಯರು ನೀವೇ ಹೊಡೀಬೇಕು" ಅಂದ್ರು. ಎಂಟಾಣೆ ಬಾಡಿದ ನಿಂಬೆಹಣ್ಣನ್ನ ಮೂರು ಬೆರಳಲ್ಲಿ ಸರಿಯಾಗಿ ಕೂರಿಸಿದ. ಜಾಲರಿ ಬಾಗಿಲು ಮುಚ್ಚಿದ. ಒಂದ್ಸಲ ಎಳೆದು ನೋಡಿದ. ಪೆಡಲ್ ಒತ್ತಿದ.

ಧಡ್!

ಬಾಗಿಲು ತೆಗೆದ. ಎರಡೂ ಕೈ ಮುಖದ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಆಮೇಲೆ ಸೂಪರ್‌ವೈಸರ್ ಕಡೆ ತಿರುಗಿ, ಬಲು ಗಂಭೀರವಾಗಿ ಹೇಳಿದ: "ಡೈಗೇನೂ ಆಗಿಲ್ಲ ಸಾರ್. ಈ ಸಲ ನಿಂಬೆಅಣ್ಣು ಒಂದೇ ಓಗಿದ್ದು."