ವಸತಿ ಕಚೇರಿಯ ಉಗ್ರಾಣದಲ್ಲಿ ವಾಸವಾಗಿರುವ ನಮ್ಮ ಬಾಗಿಲಿಗೆ

ಮಾನ್ಯ ಬಾಗಿಲಿನವರೇ,

ಮನಿಲಾದ ಕಾಲುವೆ ದಂಡೆಯ ಓಣಿಯಲ್ಲಿ ಹನ್ನೊಂದು ವರ್ಷ ತಮ್ಮನ್ನು ತಳ್ಳಿ, ಎಳೆದು, ಸಿಟ್ಟು ಬಂದಾಗ ದಢಾರನೆ ಬಡಿದು ಬಾಳಿದ ರೊಡೆಲಿಯೊ ಮನಾನ್ಸಾಲಾ ಎಂಬ ಬಣ್ಣಗಾರನು ಕುಟುಂಬಸಮೇತನಾಗಿ ಸಲ್ಲಿಸುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ಅಂದರೆ ಗೋಡೆ ಮೂರೂವರೆ, ಸೋರುವ ಛಾವಣಿ ಒಂದು, ತಾವಿದ್ದ ಜಾಗದಲ್ಲಿ ಅತ್ತೆಯವರ ಹೂಬಿಟ್ಟ ಹೊದಿಕೆ. ತಾವು ಅಲ್ಲಿ ಫ್ಯಾನಿನ ಕೆಳಗೆ, ಕಾವಲುಗಾರನ ರಕ್ಷಣೆಯಲ್ಲಿ, ಹನಿ ನೀರು ಬೀಳದ ಕೋಣೆಯಲ್ಲಿ ಸುಖವಾಗಿದ್ದೀರೆಂದು ಕೇಳಿ ಪರಮಾನಂದವಾಯಿತು.

ತಮ್ಮ ಈ ಏಳಿಗೆಗೆ ನಾನೇ ಕಾರಣನೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಎರಡು ವರ್ಷದ ಹಿಂದೆ ಕಚೇರಿಯವರು ಗಣತಿಗೆ ಬಂದು ತಮ್ಮ ಎದೆಯ ಮೇಲೆ ಕೆಂಪು ಬಣ್ಣದಲ್ಲಿ ೪೧೭ ಎಂದು ಗೀಚಿ ಹೋದರು. ಹಾಗೆ ಸಂಖ್ಯೆ ಬಿದ್ದ ಮನೆಯವರಿಗೆ, ದಂಡೆಯ ಮನೆಗಳನ್ನೆಲ್ಲ ಕೆಡವಿದ ಮೇಲೆ, ನಗರದೊಳಗೆ ಅಗ್ಗದ ಫ್ಲ್ಯಾಟುಗಳು ಏಳುವ ತನಕ ಬಾಡಿಗೆ ನೆರವು. ಸಂಖ್ಯೆ ಇಲ್ಲದವರಿಗೆ ಮೂರು ಬಸ್ಸು ಬದಲಿಸಿ ತಲುಪುವ ಗುಡ್ಡದಾಚೆಯ ಬಡಾವಣೆ. ಇದು ಓಣಿಯ ಕೋಳಿಗಳಿಗೂ ಗೊತ್ತಿತ್ತು. ಆದರೆ ಮೇ ತಿಂಗಳಲ್ಲಿ ನಮ್ಮ ಸಂತನ ಹಬ್ಬ ಬಂತು, ಚೆಂದದ ಮನೆಗೆ ಒಂದು ಮೂಟೆ ಅಕ್ಕಿ ಬಹುಮಾನವೆಂದು ಸಾರಿದರು, ಮತ್ತು ಜೀಪ್ನಿ ಎಂಬ ಬಾಡಿಗೆ ಬಂಡಿಗಳ ಮೈಮೇಲೆ ಹೆಸರು, ಹೂವು, ಕುದುರೆ ಬರೆದು ಹೊಟ್ಟೆ ಹೊರೆಯುವ ನಾನು ಉಳಿದಿದ್ದ ಹಸಿರು ಬಣ್ಣವನ್ನೆಲ್ಲ ತಮಗೆ ಬಳಿದುಬಿಟ್ಟೆ. ಅಕ್ಕಿ ನಮಗೇ ಬಂತು. ಮೂಟೆ ಒಳಗೆ ತರುವಾಗ ನನ್ನ ಹೆಂಡತಿ ಲಿಗಾಯಾ ತಮ್ಮ ಮುಖ ನೋಡಿ, "ಅಯ್ಯೋ, ಅಲ್ರೀ, ನಂಬರ್ ಎಲ್ಲಿ?" ಎಂದಳು.

"ಎಲ್ಲಿಗೆ ಹೋಗುತ್ತೆ, ಹಸಿರಿನ ಕೆಳಗೇ ಇದೆ ಬಿಡು" ಎಂದೆ. ಅಲ್ಲಿಗೆ ಸುಮ್ಮನಿರಬಹುದಿತ್ತು. ಕೈಯಲ್ಲಿ ಕುಂಚ ಇರುವವನಿಗೆ ಅದೊಂದು ವಿದ್ಯೆ ಬರುವುದಿಲ್ಲ. ಹಳದಿಯಲ್ಲಿ ೪೧೭ ಬರೆದು, ಕಪ್ಪಿನ ನೆರಳು ಕೊಟ್ಟು, ಏಳರ ಬಾಲಕ್ಕೊಂದು ಗುಲಾಬಿ ಅರಳಿಸಿದೆ.

ಪರಿಶೀಲನೆಗೆ ಬಂದ ಅಧಿಕಾರಿ ಅಬ್ರಿಗೋ ಮೇಡಂ ಅವರು ತಮ್ಮೆದುರು ಬಹಳ ಹೊತ್ತು ನಿಂತು, ಕನ್ನಡಕ ತೆಗೆದು, ಮತ್ತೆ ಹಾಕಿ, "ಇದು ಖೋಟಾ ಕಣ್ರೀ. ನಮ್ಮ ಆಫೀಸ್ನೋರು ಜನ್ಮದಲ್ಲಿ ಇಷ್ಟು ಚೆನ್ನಾಗಿ ಬರೆಯಲ್ಲ" ಎಂದರು. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಇಷ್ಟು ದೊಡ್ಡ ಹೊಗಳಿಕೆ ಸಿಕ್ಕಿದ್ದು ಅದೇ ಮೊದಲು, ಮತ್ತು ಮನೆ ಹೋಗುವುದಕ್ಕೂ ಅದೇ ದಾರಿಯಾಯಿತು. ಕೆಳಗೆ ಅಸಲಿ ಸಂಖ್ಯೆ ಇದ್ದರೆ ಕಚೇರಿಗೇ ತಂದು ತೋರಿಸಿ, ಕೆರೆದು ನೋಡೋಣ ಎಂದು ಅಪ್ಪಣೆಯಾಯಿತು. ತಮ್ಮನ್ನು ಕೀಲಿನಿಂದ ಬಿಚ್ಚಿ, ಸೈಕಲ್ ಗಾಡಿಯ ಮೇಲೆ ಮಲಗಿಸಿ, ಮದುಮಗಳನ್ನು ಒಯ್ಯುವಷ್ಟು ಜೋಪಾನವಾಗಿ ಒಯ್ದೆವು. ಅಲ್ಲಿ ನೋಡಿದರೆ ಕೆರೆಯುವ ಅಧಿಕಾರ ಇರುವವರು ರಜೆಯಲ್ಲಿದ್ದರು. ಹಾಗಾಗಿ ತಮ್ಮ ಕೊರಳಿಗೆ ಚೀಟಿ ಕಟ್ಟಿ, ಸಾಕ್ಷ್ಯವೆಂದು ಉಗ್ರಾಣದಲ್ಲಿಟ್ಟು, ನಮಗೊಂದು ರಸೀದಿ ಕೊಟ್ಟರು.

ಮಾರನೆಯ ದಿನ ಅದೇ ಕಚೇರಿಯ ಇನ್ನೊಂದು ತಂಡ ಓಣಿಗೆ ಬಂತು. ಬಾಗಿಲಿಲ್ಲದ ನಮ್ಮ ಮನೆ ನೋಡಿ 'ಬಾಗಿಲಿಲ್ಲ, ಜನವಸತಿ ಇಲ್ಲ' ಎಂದು ಬರೆದುಕೊಂಡಿತು. ಒಳಗೆ ಗಂಜಿಗೆ ಶುಂಠಿ ಹೆರೆಯುತ್ತ ಕೂತಿದ್ದ ಅತ್ತೆ, "ಏನಪ್ಪಾ, ನಾನು ಜನ ಅಲ್ವಾ?" ಎಂದು ಕೇಳಿದರಂತೆ. "ಅಜ್ಜಿ, ಫಾರಮ್‌ನಲ್ಲಿ ಬಾಗಿಲು ಅಂತಿದೆ, ಅಜ್ಜಿ ಅಂತ ಇಲ್ವಲ್ಲ" ಎಂದು ಆ ಸಜ್ಜನರು ತುಂಬ ವಿನಯದಿಂದ ಹೇಳಿದರಂತೆ.

ಅತ್ತೆ ಪಾಸಿಂಗ್ ಅವರಿಗೆ ಈಗ ಎಪ್ಪತ್ತನಾಲ್ಕು. ಮೂವತ್ತೆರಡು ವರ್ಷದಿಂದ ಚರ್ಚಿನ ಮೆಟ್ಟಿಲ ಬಳಿ ಗಂಜಿ ಮಾರುತ್ತ ಬಂದಿದ್ದಾರೆ. ಗುಡ್ಡದಾಚೆ ಇನ್ನೂ ಚರ್ಚೂ ಇಲ್ಲ, ಬೆಳಿಗ್ಗೆ ಗಂಜಿ ಕುಡಿಯುವವರೂ ಇಲ್ಲ. ಹಿಂದಿನ ಓಣಿಯ ವಿಧವೆಯೊಬ್ಬರು ತಮ್ಮ ಮಹಡಿಯ ಕೋಣೆಯನ್ನು ನಮಗಾಗಿ ಮೂವತ್ತನೇ ತಾರೀಕಿನವರೆಗೆ ಹಿಡಿದಿಟ್ಟಿದ್ದಾರೆ. ಅಲ್ಲಿಂದ ಚರ್ಚಿನ ಗಂಟೆ ಕೇಳುತ್ತದೆ. ದಿನಾ ಬೆಳಿಗ್ಗೆ ಅತ್ತೆ, "ಬಾಡಿಗೆ ನೆರವಿನ ಕಾಗದ ಬಂತೇನಪ್ಪಾ?" ಎನ್ನುತ್ತಾರೆ. ನಾನು ಏನೋ ತಮಾಷೆ ಹೇಳಿ ಜಾರಿಕೊಳ್ಳುತ್ತೇನೆ. ತಮಾಷೆಗಳು ಮುಗಿಯುತ್ತಾ ಬಂದಿವೆ, ಬಾಗಿಲಿನವರೇ, ನನಗೆ ಭಯವಾಗುತ್ತಿದೆ.

ಆದಕಾರಣ ತಮ್ಮಲ್ಲಿ ಅರಿಕೆ. ನಮ್ಮ ಕುಟುಂಬದಲ್ಲಿ ಸರ್ಕಾರ ಗುರುತಿಸಿದ ಏಕೈಕ ಸದಸ್ಯರು ತಾವು. ರಸೀದಿಯಲ್ಲಿ ತಮ್ಮ ಎತ್ತರ, ಅಗಲ, ಬಣ್ಣ ಎಲ್ಲವೂ ಇದೆ, ನಮ್ಮದು ಯಾವುದರಲ್ಲೂ ಇಲ್ಲ. ದಯಮಾಡಿ ತಾವೇ ಮೂರನೇ ಕಿಟಕಿಯ ಸಾಲಿನಲ್ಲಿ ನಿಂತು ನಮ್ಮ ಪರವಾಗಿ ಅರ್ಜಿ ಹಾಕಬೇಕು. ನಿಲ್ಲುವುದರಲ್ಲಿ ತಮಗಿರುವಷ್ಟು ಅನುಭವ ಯಾರಿಗಿದೆ? ಅದಾಗದಿದ್ದರೆ, ಮೇಡಂ ಊಟಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಎದೆಯ ಹಸಿರನ್ನು ಅಂಗೈಯಗಲ ಉದುರಿಸಿ, ಕೆಳಗಿನ ಆ ವಕ್ರ ಕೆಂಪು ಅಂಕಿಗಳನ್ನು ತೋರಿಸಬೇಕು. ಅದೂ ಆಗದಿದ್ದರೆ ಮನೆಯಲ್ಲಿ ಕಿರುಗುಟ್ಟುತ್ತಿದ್ದಂತೆ ಒಮ್ಮೆ ಕಿರುಗುಟ್ಟಿ. ಆ ಸದ್ದಿಗೆ ಎಣ್ಣೆ ಹಾಕಿಲ್ಲವೆಂದು ಲಿಗಾಯಾ ನನ್ನನ್ನು ಬೈಯುತ್ತಿದ್ದಳು. ಈಗ ಅದಿಲ್ಲದೆ ಅವಳಿಗೆ ನಿದ್ದೆ ಹತ್ತುತ್ತಿಲ್ಲ.

ತಮ್ಮ ವಿಶ್ವಾಸಿಯೂ, ಈಗ ತಮಗಿಂತ ಕೆಳದರ್ಜೆಯ ನಿವಾಸಿಯೂ ಆದ,
ರೊಡೆಲಿಯೊ ಮನಾನ್ಸಾಲಾ

ಮರೆತಿದ್ದು: ಮೂವತ್ತರ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆ ಕೆಡವುತ್ತಾರೆ. ಅಷ್ಟರೊಳಗೆ ಕಾಗದ ಬಾರದಿದ್ದರೆ ನಾವು ಮೂವರೂ ಗಂಜಿ ಪಾತ್ರೆ ಹೊತ್ತು ನೇರ ತಮ್ಮಲ್ಲಿಗೇ ಬರುತ್ತೇವೆ. ಕಾಲುವೆ ಉಕ್ಕಿದ ವರ್ಷ ಓಣಿಯ ಅರ್ಧ ಜನ ತಮ್ಮನ್ನು ತಳ್ಳಿಕೊಂಡು ಒಳಗೆ ಬಂದಾಗ ತಾವು ಒಬ್ಬರನ್ನೂ ನಂಬರ್ ಕೇಳಲಿಲ್ಲ. ಸರ್ಕಾರಿ ಆಶ್ರಯ ಸಿಕ್ಕ ಮೇಲೂ ಆ ಗುಣ ಬಿಡಬೇಡಿ. ಸ್ವಲ್ಪ ಆಚೆ ಸರಿದು ಜಾಗ ಮಾಡಿ. ಅತ್ತೆಯವರಿಗೆ ಗೋಡೆ ಪಕ್ಕ ಮಲಗಿ ಅಭ್ಯಾಸ.