ನಗೋಯಾದಲ್ಲಿ ನಾನು ಹಾಕಿದ ಕೇಸು

ನ್ಯಾಯ ಕೇಳಲು ಹೋದವರಿಗೆ ನ್ಯಾಯ ಸಿಗುತ್ತದೋ ಇಲ್ಲವೋ, ನಗುವುದಕ್ಕೆ ಮಾತ್ರ ಏನಾದರೊಂದು ಸಿಕ್ಕೇ ಸಿಗುತ್ತದೆ. ಜಪಾನಿನ ನಗೋಯಾ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ನಾನು ಡಿಸೈನ್ ಎಂಜಿನಿಯರ್. ನಮ್ಮ ವಿಭಾಗಕ್ಕೆಲ್ಲ ಒಬ್ಬಳೇ ಪರದೇಶದವಳು.

ಒಬ್ಬಳ ಗುಂಪು

ಕೊರೊನಾ ಬಂತು. ಎಲ್ಲರಿಗೂ ಮನೆಯಿಂದ ಕೆಲಸ, ನನಗೆ ಮಾತ್ರ ಆಫೀಸು. ಯಾಕೆ ಅಂತ ಮ್ಯಾನೇಜರನ್ನು ಫೋನಿನಲ್ಲಿ ಕೇಳಿದೆ.

"ವಿದೇಶಿಯರ ಮನೆಯ ಇಂಟರ್ನೆಟ್ ಅಷ್ಟು ಭದ್ರ ಅಲ್ಲ."

"ನಿಮ್ಮ ಮನೆಗೂ ನಮ್ಮ ಮನೆಗೂ ಒಂದೇ ಕಂಪನಿಯ ಲೈನು, ಸರ್."

ಅವರು ಹಲ್ಲಿನ ಸಂದಿಯಲ್ಲಿ ಉಸಿರೆಳೆದು, "ಸ್ವಲ್ಪ ಕಷ್ಟ" ಅಂದರು. ಇಲ್ಲಿ 'ಸ್ವಲ್ಪ ಕಷ್ಟ' ಅಂದರೆ 'ಆಗೋದೇ ಇಲ್ಲ' ಅಂತ.

ಇಡೀ ಮಹಡಿಯಲ್ಲಿ ನಾನೊಬ್ಬಳೇ. ಮಧ್ಯಾಹ್ನ ಅವರದೇ ಮೇಲ್ ಬಂತು: 'ಆಫೀಸಿನಲ್ಲಿರುವವರು ದಯವಿಟ್ಟು ಗುಂಪು ಸೇರಬೇಡಿ.'

ಕೂಡಲೇ ಚದುರಿದೆ.

ಪರಮ ಗುಟ್ಟು

ಕಂಪನಿಯ ದೂರು ವಿಭಾಗಕ್ಕೆ ಬರೆದೆ. ವಿಡಿಯೊ ಕಾಲ್‌ನಲ್ಲಿ ವಿಚಾರಣೆ ಅಂದರು. ಕಾಲ್ ತೆರೆದರೆ ಪರದೆಯ ಮೇಲೆ ನಮ್ಮ ಮ್ಯಾನೇಜರೇ! ದೂರು ಅಧಿಕಾರಿ ರಜೆಯಂತೆ, ಇವರು ಇನ್‌ಚಾರ್ಜ್.

"ಯಾರ ಮೇಲೆ ದೂರು?"

"ನಿಮ್ಮ ಮೇಲೆ."

ಅವರು ತಲೆಬಾಗಿ ತಮ್ಮ ಹೆಸರನ್ನು ತಾವೇ ಬರೆದುಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು: "ಹೆದರಬೇಡಿ. ಆ ವ್ಯಕ್ತಿಗೆ ಈ ವಿಷಯ ಖಂಡಿತ ಗೊತ್ತಾಗುವುದಿಲ್ಲ."

ನೆಲಮಾಳಿಗೆ

ಗೊತ್ತಾಗದ ಆ ವ್ಯಕ್ತಿ ಮುಂದಿನ ವಾರವೇ ನನ್ನನ್ನು ನೆಲಮಾಳಿಗೆಗೆ ಎತ್ತಿಹಾಕಿದರು. ಕಿಟಕಿ ಇಲ್ಲ. ಕೆಲಸ, ಹಳೇ ಕ್ಯಾಟಲಾಗುಗಳಿಗೆ ಚೀಟಿ ಅಂಟಿಸುವುದು. ಒಂಬತ್ತು ವರ್ಷ ಬ್ರೇಕ್ ಡಿಸೈನ್ ಮಾಡಿದ ಕೈ. ಮನೆಗೆ ಬಂದು ಅತ್ತುಬಿಟ್ಟೆ. ಇಲ್ಲೇ ಹುಟ್ಟಿದ ಮಗಳು ಕೇಳಿದಳು, "ಅಮ್ಮಾ, ಆಫೀಸಲ್ಲಿ ಇಜಿಮೆನಾ?" ಶಾಲೆಯಲ್ಲಿ ಮಕ್ಕಳನ್ನು ಗೋಳುಹೊಯ್ದುಕೊಳ್ಳುವುದಕ್ಕೆ ಇಲ್ಲಿಯವರು ಹೇಳುವ ಮಾತು ಅದು.

"ಹೌದು ಕಣೆ."

"ಸೆನ್ಸೇಗೆ ಹೇಳು."

ಟೀಚರಿಗೂ ಸೆನ್ಸೇ, ಲಾಯರಿಗೂ ಸೆನ್ಸೇ. ಮರುದಿನವೇ ಹೋಗಿ ಹೇಳಿದೆ. ಈ ಸೆನ್ಸೇ ಮಾತ್ರ ಫೀಸು ತಗೊಂಡರು.

ಸಾಕ್ಷಿ

ಕೇಸು ಹಾಕಿದ ಮೇಲೆ ಹುದ್ದೆ ನನಗೆ ವಾಪಸ್ ಸಿಕ್ಕಿತು. ಕಂಪನಿ ಕ್ಷಮಾಪಣೆ ಬರೆದುಕೊಟ್ಟು ರಾಜಿಗೆ ಬಂತು. ಆದರೆ ಗೆಲ್ಲಿಸಿದ್ದು ನನ್ನ ಲಾಯರ್ ಅಲ್ಲ.

ಕೋರ್ಟಿನಲ್ಲಿ ಎಲ್ಲರಿಗೂ ಮಾಸ್ಕು, ನಡುವೆ ಪ್ಲಾಸ್ಟಿಕ್ ಹಾಳೆ. ಕಂಪನಿಯ ಲಾಯರ್ ಎದ್ದರು: "ನೆಲಮಾಳಿಗೆಗೆ ಕಳಿಸಿದ್ದು ಸೇಡಿಗಲ್ಲ. ಸೋಂಕಿನಿಂದ ಈಕೆಯನ್ನು ಕಾಪಾಡೋದಕ್ಕೆ." ಕಾಳಜಿ ನೋಡಿ ನನಗೇ ಕಣ್ಣು ತುಂಬಿತು.

ಜಡ್ಜ್ ಸಾಕ್ಷಿ ಕಟ್ಟೆಯಲ್ಲಿದ್ದ ಮ್ಯಾನೇಜರ್ ಕಡೆ ತಿರುಗಿದರು. "ನೀವು ಆ ಕೋಣೆಗೆ ಎಷ್ಟು ಸಲ ಹೋಗಿದ್ದಿರಿ?"

"ಒಂದು ಸಲವೂ ಇಲ್ಲ."

"ಯಾಕೆ?"

ಪ್ರಾಮಾಣಿಕ ಮನುಷ್ಯ. ತಲೆಬಾಗಿ, ಕ್ಷಮೆ ಕೇಳಿಕೊಂಡೇ ಉತ್ತರ ಕೊಟ್ಟರು:

"ಸುಮಿಮಾಸೆನ್, ಅಲ್ಲಿ ಗಾಳಿಯೇ ಆಡೋದಿಲ್ಲ. ಹೋದರೆ ಕೊರೊನಾ ಬರುತ್ತೆ."